ಸ್ಟೆಂಟ್ ಹಾಕಿದವರಿಗೆ ಮೀನೆಣ್ಣೆ ಮಾತ್ರೆ ಕೊಡಬಹುದೇ?

ಡೊಂಬಿವಲಿ ನಿವಾಸಿ:
ಅಪ್ಪನಿಗೆ 71 ವರ್ಷ. ಕಳೆದ ವರ್ಷ ಸ್ಟೆಂಟ್ ಹಾಕಿದ್ದಾರೆ. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎರಡೂ ನಡೆಯುತ್ತಿವೆ. ಈ ಸಲದ ರಕ್ತಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) 210 ಬಂತು. ಸುದ್ದಿ ಕೇಳಿ ಚಿಕ್ಕಪ್ಪ ಮಸ್ಕತ್‌ನಿಂದ ಮೀನೆಣ್ಣೆಯ ದೊಡ್ಡ ಡಬ್ಬಿ ತಂದಿದ್ದಾರೆ. ಮೇಲೆ 1000 ಮಿ.ಗ್ರಾಂ. ಎಂದಿದೆ. “ಮೀನು ತಿಂದೇ ಬೆಳೆದವನಿಗೆ ಇದರಿಂದ ಏನಾದೀತು?” ಎನ್ನುತ್ತಾರೆ ಅಪ್ಪ. ಡಾಕ್ಟರ ಭೇಟಿ ಮುಂದಿನ ತಿಂಗಳು. ಅಲ್ಲಿಯವರೆಗೆ ಕೊಡಬಹುದೇ?

ವಾಶಿಯ ಫಾರ್ಮಸಿಸ್ಟ್:
ಕೊಡಬೇಡಿ ಅಣ್ಣ, ಮೊದಲು ಡಾಕ್ಟರಿಗೆ ಫೋನ್ ಮಾಡಿ. ಮೀನೆಣ್ಣೆಗೂ ರಕ್ತ ಹೆಪ್ಪುಗಟ್ಟುವುದನ್ನು ಸ್ವಲ್ಪ ತಡೆಯುವ ಗುಣವಿದೆ. ಕಡಿಮೆ ಪ್ರಮಾಣದಲ್ಲಿ ದೊಡ್ಡ ರಕ್ತಸ್ರಾವ ಅಪರೂಪ, ನಿಜ. ಆದರೆ ನಿಮ್ಮ ತಂದೆಯವರು ಅದೇ ಕೆಲಸದ ಎರಡು ಮಾತ್ರೆ ನುಂಗುತ್ತಿದ್ದಾರೆ. ನಮ್ಮ ಅಂಗಡಿಗೆ ಬರುವ ಹಿರಿಯರು ಇದನ್ನು ಔಷಧಿಯೆಂದೇ ಎಣಿಸುವುದಿಲ್ಲ, ಹಾಗಾಗಿ ಡಾಕ್ಟರಿಗೆ ಹೇಳುವುದೂ ಇಲ್ಲ. ನನಗೆ ಚಿಂತೆ ಅದೇ.

ಇನ್ನು ಆ 1000. ಅದು ಒಟ್ಟು ಎಣ್ಣೆಯ ತೂಕ. ಅದರಲ್ಲಿ ಕೆಲಸಕ್ಕೆ ಬರುವ ಒಮೆಗಾ-3 ಕೊಬ್ಬುಗಳಾದ ಇಪಿಎ, ಡಿಎಚ್‌ಎ ಎಷ್ಟೆಂದು ಡಬ್ಬಿಯ ಹಿಂಬದಿ ನೋಡಿ.

ಡೊಂಬಿವಲಿ ನಿವಾಸಿ:
ಇಪಿಎ 180, ಡಿಎಚ್‌ಎ 120.

ವಾಶಿಯ ಫಾರ್ಮಸಿಸ್ಟ್:
ಅಂದರೆ 300 ಮಾತ್ರ. ಟ್ರೈಗ್ಲಿಸರೈಡ್ ಇಳಿಸಲು ವೈದ್ಯರು ಬರೆದುಕೊಡುವುದು ಸಾಮಾನ್ಯವಾಗಿ ದಿನಕ್ಕೆ 4 ಗ್ರಾಂ. ಲೆಕ್ಕ ಹಾಕಿ ಹದಿಮೂರು ಮಾತ್ರೆ ಕೊಡಲು ಹೋಗಬೇಡಿ, ದಯವಿಟ್ಟು! 4 ಗ್ರಾಂ ಶುದ್ಧ ಇಪಿಎ ಕೊಟ್ಟ ರೆಡ್ಯೂಸ್-ಇಟ್ ಅಧ್ಯಯನದಲ್ಲಿ ಹೃದಯಾಘಾತ ಕಡಿಮೆಯಾದದ್ದು ಹೌದು, ಆದರೆ ಬಡಿತದ ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಹೆಚ್ಚಿತು, ರಕ್ತಸ್ರಾವವೂ ತುಸು ಹೆಚ್ಚು ಕಂಡಿತು. ಅಂಥ ಪ್ರಮಾಣ ವೈದ್ಯರ ಕಣ್ಣಿನ ಕೆಳಗೇ ಆಗಬೇಕು. ಸದ್ಯಕ್ಕೆ ಸಕ್ಕರೆ, ಮೈದಾ ಇಳಿಸಿ. ಮದ್ಯದ ಅಭ್ಯಾಸವಿದ್ದರೆ ಅದನ್ನು ಮೊದಲು ನಿಲ್ಲಿಸಿ.

ಪುಣೆಯ ಪಾಟೀಲ:
ನಾವು ಮೀನು ತಿನ್ನದವರು. ಊಟಕ್ಕೆ ದಿನವೂ ಅಗಸಿ ಹಿಂಡಿ ಇರುತ್ತದೆ. ಅದು ಸಾಲದೇ?

ವಾಶಿಯ ಫಾರ್ಮಸಿಸ್ಟ್:
ತಿನ್ನಿ, ಒಳ್ಳೆಯದೇ. ಆದರೆ ಅಗಸೆಯ ಒಮೆಗಾ-3 ಬೇರೆ ಬಗೆಯದು. ದೇಹ ಅದರಲ್ಲಿ ಸ್ವಲ್ಪವನ್ನಷ್ಟೇ ಇಪಿಎ ಆಗಿ ಬದಲಿಸುತ್ತದೆ. ಸಸ್ಯಾಹಾರಿಗಳಿಗೆ ಪಾಚಿಯಿಂದ ತೆಗೆದ ಎಣ್ಣೆಯ ಮಾತ್ರೆಗಳು ಸಿಗುತ್ತವೆ.

ಮಡಗಾಂವ್‌ನ ಪೂಜಾರಿ:
ಡೊಂಬಿವಲಿಯವರೇ, ತಂದೆಯವರಿಗೆ ಮೀನನ್ನೇ ಕೊಡಿ. ವಾರಕ್ಕೆ ಎರಡು ಸಲ ಬಂಗುಡೆಯೋ ಬೂತಾಯಿಯೋ ಆಗಲಿ. ಕರಿಯದೆ ಪುಳಿಮುಂಚಿ ಮಾಡಿ, ಉಪ್ಪು ಹಿಡಿತದಲ್ಲಿರಲಿ. ಜೂನ್, ಜುಲೈಯಲ್ಲಿ ದೋಣಿಗಳು ನಿಂತಾಗ ನಮ್ಮ ಮನೆಗಳಲ್ಲಿ ಒಣಮೀನು ಹೊರಬರುತ್ತದೆ. ಅದರಲ್ಲಿ ಉಪ್ಪು ವಿಪರೀತ. ಹೃದಯದ ತೊಂದರೆ ಇರುವವರ ತಟ್ಟೆಗೆ ಅದು ಬೇಡ.