ಗೋವಾದಲ್ಲಿ ಕ್ರಾಪ್ಸ್ ಆಡೋಕೆ 25 ಸಾವಿರ ಇದೆ, ಹೇಗೆ ಹಂಚಿಕೊಳ್ಳಲಿ? ಆಡಿದವರು ಅನುಭವ ಹೇಳಿ

ಹಿಂಜವಡಿ ಹುಡುಗ
ಊರು ದಾವಣಗೆರೆ, ಕೆಲಸ ಪುಣೆಯಲ್ಲಿ. ಮುಂದಿನ ತಿಂಗಳು ನಾಲ್ಕು ಜನ ಗೆಳೆಯರು ಪಣಜಿಗೆ ಹೊರಟಿದ್ದೇವೆ, ಒಂದು ರಾತ್ರಿ ಮಾಂಡೋವಿ ನದಿಯ ಕ್ಯಾಸಿನೊ ಹಡಗಿನಲ್ಲಿ. ಉಳಿದವರು ಕಾರ್ಡ್ ಆಡ್ತಾರೆ, ನನಗೆ ಎರಡು ದಾಳದ ಆಟ ಕ್ರಾಪ್ಸ್ ಆಡಬೇಕು ಅಂತ ಆಸೆ. ನಿಯಮ ಗೊತ್ತು: ಪಾಸ್ ಲೈನ್ ಅಂದರೆ ದಾಳ ಹಾಕುವವರು ಗೆಲ್ತಾರೆ ಅಂತ ಇಡುವ ಮುಖ್ಯ ಬೆಟ್; ಮೊದಲ ಸಲ 4, 5, 6, 8, 9, 10ರಲ್ಲಿ ಒಂದು ಬಿದ್ದರೆ ಅದೇ ಪಾಯಿಂಟ್, ಏಳಕ್ಕಿಂತ ಮೊದಲು ಅದು ಮತ್ತೆ ಬೀಳಬೇಕು; ಆಡ್ಸ್ ಅಂದರೆ ಪಾಯಿಂಟ್ ಬಿದ್ದ ಮೇಲೆ ಸೇರಿಸುವ ಬೆಟ್. 25 ಸಾವಿರ ಬೇರೆ ಇಟ್ಟಿದ್ದೇನೆ, ಅದು ಪೂರ್ತಿ ಹೋದರೂ ಬಾಡಿಗೆ, ಇಎಂಐಗೆ ತೊಂದರೆ ಇಲ್ಲ. ಟೇಬಲ್ ಮಿನಿಮಮ್ 500 ಅಂತ ಗೆಳೆಯ ಹೇಳ್ತಾನೆ. ಪಾಸ್ ಲೈನಿಗೆ ಎಷ್ಟು, ಆಡ್ಸ್‌ಗೆ ಎಷ್ಟು, ಯಾವಾಗ ಏಳಬೇಕು?

ಡೊಂಬಿವಲಿ ಶೆಟ್ರು
ದಾಳದ ಲೆಕ್ಕ ಹೇಳುವವರು ಬೇಕಾದಷ್ಟು ಜನ ಬರ್ತಾರೆ. ನಾನು ಕೌಂಟರಿನ ಲೆಕ್ಕ ಹೇಳ್ತೇನೆ, ಕೇಳಿ.

2023ರ ಅಕ್ಟೋಬರ್ 1ರಿಂದ ಚಿಪ್ಸ್ ಕೊಳ್ಳುವಾಗಲೇ 28 ಪರ್ಸೆಂಟ್ ಜಿಎಸ್‌ಟಿ ಬಂತು. 2025ರ ಸೆಪ್ಟೆಂಬರ್ 22ರಿಂದ ಅದು 40 ಆಗಿದೆ. ನಾನು ಹೋದದ್ದು ಅದರ ನಂತರ. ಕರ್ಮಳಿಯಲ್ಲಿ ರೈಲಿಳಿದು ಪಣಜಿಗೆ ಟ್ಯಾಕ್ಸಿ 700, ಶನಿವಾರ ಅಂತ ಲಾಡ್ಜಿಗೆ 3,800, ಹಡಗಿನ ಪ್ರವೇಶಕ್ಕೆ 3,500. ಇದೆಲ್ಲ ಇರಲಿ. ಕೌಂಟರಲ್ಲಿ 28,000 ಕೊಟ್ಟೆ, ಕೈಗೆ ಬಂದದ್ದು 20,000ದ ಚಿಪ್ಸ್. ಇನ್ನೂ ದಾಳ ಮುಟ್ಟಿಲ್ಲ, 8,000 ಹೋಯ್ತು.

ಒಂದೂವರೆ ಗಂಟೆ ಪಾಸ್ ಲೈನ್ ಆಡಿದೆ. ಎರಡು ಪಾಯಿಂಟ್ ಒಂದರ ಹಿಂದೆ ಒಂದು ಕೂಡಿ ಬಂದು 26,000 ಆಯ್ತು. ಊಟದ ಹೊತ್ತು, ಚಿಪ್ಸ್ ಕಿಸೆಯಲ್ಲಿಟ್ಟುಕೊಂಡು ಬಫೆಯಲ್ಲಿ ತಿರುಗುವುದು ಯಾಕೆ ಅಂತ ಎಲ್ಲ ಕ್ಯಾಶ್ ಮಾಡಿಸಿದೆ. ಊಟ ಆದ ಮೇಲೆ 10,000ದ ಚಿಪ್ಸ್ ಕೇಳಿದರೆ ಮತ್ತೆ 14,000 ತಗೊಂಡರು! ಅದೇ ಕೌಂಟರ್, ಅದೇ ಹುಡುಗ. ಕ್ಯಾಶ್ ಮಾಡಿಸುವಾಗ "ಸರ್, ಮತ್ತೆ ಆಡೋದಾದರೆ ಚಿಪ್ಸ್ ಇಟ್ಟುಕೊಳ್ಳಿ" ಅಂತ ಒಂದು ಮಾತು ಹೇಳಬಾರದಾ? ಆಮೇಲೆ ಆ ಹತ್ತು ಏಳಕ್ಕೆ ಇಳಿಯಿತು, ಸಾಕು ಅಂತ ಎದ್ದೆ.

ಈಗ ಕೂಡಿಸಿ. ಕೊಟ್ಟದ್ದು 42,000. ವಾಪಸ್ ಬಂದದ್ದು 33,000. ಟೇಬಲಿನಲ್ಲಿ ನಾನು 3,000 ಗೆದ್ದವ, ಮನೆಗೆ ಬರುವಾಗ 9,000 ಕಮ್ಮಿ. ನಡುವಿನ 12,000 ಯಾವ ದಾಳವೂ ತಿಂದದ್ದಲ್ಲ. ಹಾಗಾಗಿ ತಮ್ಮಾ, ಒಂದೇ ಸಲ ಕೊಳ್ಳಿ. ಏಳುವ ತನಕ ಕ್ಯಾಶ್ ಮಾಡಬೇಡಿ. ಗೆದ್ದ ಚಿಪ್ಸ್‌ನಿಂದ ಮತ್ತೆ ಆಡಿದರೆ ಅದಕ್ಕೆ ಮತ್ತೆ ತೆರಿಗೆ ಇಲ್ಲ, ಹೊಸದಾಗಿ ಕೊಂಡರೆ ಉಂಟು.

ಹುಬ್ಬಳ್ಳಿಯಾಂವ, ಪಿಂಪ್ರಿ
ಶೆಟ್ರ, ತೆರಿಗಿ ಪುರಾಣ ಸಾಕ್ರಿ. ಹುಡುಗ ಕೇಳಿದ್ದು ಆಟದ್ದು.

ತಮ್ಮಾ, ನಾ ಪಾಸ್ ಲೈನ್ ಮುಟ್ಟಂಗಿಲ್ಲ. ಒಮ್ಮೆ ಪಾಯಿಂಟ್ ಬಿತ್ತಂದ್ರ ಪಾಸ್ ಲೈನಿನ ರೊಕ್ಕಾ ವಾಪಸ್ ತಗೊಳ್ಳಾಕ ಬರಂಗಿಲ್ಲ. ಪಾಯಿಂಟರ ಏಳರ ಬೀಳೂ ತನಕ ಅಲ್ಲೇ ಕಟ್ಟಿ ಹಾಕಿದಂಗ. ನಂದು ಆರು ಮತ್ತ ಎಂಟರ ಮ್ಯಾಲೆ ಪ್ಲೇಸ್ ಬೆಟ್ ಅಷ್ಟ, ಅಂದ್ರ ಏಳರಕಿಂತ ಮೊದಲ ಆ ಅಂಕಿ ಬೀಳ್ತದಂತ ಇಡೂದು. ಯಾವಾಗ ಬೇಕಾದ್ರೂ "ಟೇಕ್ ಡೌನ್" ಅಂದ್ರ ಮುಗೀತು. ಆದ್ರ 500 ಇಡಬ್ಯಾಡ. ಕೊಡೋದು ಆರಕ್ಕ ಏಳು. 600 ಇಟ್ರ 700 ಸರಿಯಾಗಿ ಬರ್ತದ. 500 ಇಟ್ರ 583 ಬರಬೇಕು, ಸಣ್ಣ ಚಿಪ್ ಇಲ್ಲಂತ ಮ್ಯಾಲಿನ 83 ಅವರ ಕಡೇನ ಉಳೀತದ. ರಾತ್ರೆಲ್ಲ ಹಂಗ ಬಿಟ್ಟವರನ್ನ ನೋಡೀನಿ.

ನಾ ಹೋಗೂವಾಗ 18 ಸಾವಿರ, ಮೂರು ಲಕೋಟಿ, ಒಂದೊಂದರಾಗ ಆರು. ಒಂದು ಖಾಲಿ ಆತಂದ್ರ ಮ್ಯಾಲೆ ಡೆಕ್ಕಿಗೆ ಹೋಗಿ ಅರ್ಧಾ ತಾಸು ಗಾಳಿ ಕುಡೀತೀನಿ. ಮೂರನೇ ಲಕೋಟಿ ನಾ ಇನ್ನೂ ತನಕ ತೆಗದಿಲ್ಲ. ನಮ್ಮ ಜೋಡಿ ಬಂದಾಂವ ಒಬ್ಬ ಇದ್ದ. ಎನಿ ಸೆವೆನ್ (ಮುಂದಿನ ಸಲಾನ ಏಳು), ಹಾರ್ಡ್ ಫೋರ್ (ಎರಡು-ಎರಡು), ಹಾರ್ಡ್ ಟೆನ್ (ಐದು-ಐದು), ಬರೇ ಟೇಬಲಿನ ನಡುವಿನ ಆಟ. ಒಂದಕ್ಕ ನಾಕು, ಒಂದಕ್ಕ ಏಳು ಅಂತ ಬರದಿದ್ದು ನೋಡಿ ಬಾಯಿ ಬಿಟ್ಟ. ಎನಿ ಸೆವೆನ್‌ದಾಗ ಮನಿಯವರಿಗೆ, ಅಂದ್ರ ಕ್ಯಾಸಿನೊದವರಿಗೆ, ಹೋಗೂದು ನೂರಕ್ಕ ಹದಿನಾರೂ ಮುಕ್ಕಾಲಿನ ಹತ್ರ. ನಲವತ್ತು ಮಿನಿಟಿನಾಗ 12 ಸಾವಿರ ಸ್ವಚ್ಛ. ವಾಪಸ್ ಬರೂವಾಗ ಬೆಳಗಾವಿ ತನಕ ಒಂದು ಮಾತಾಡ್ಲಿಲ್ಲ, ಡಿಸೇಲ್ ರೊಕ್ಕಾನೂ ನಾನ ಕೊಟ್ಟೆ.

ಲೆಕ್ಕ ಸರಳ ಐತಿ. 36ರಾಗ ಆರೋ ಎಂಟೋ ಬೀಳಾಕ ಹತ್ತು ದಾರಿ, ಏಳು ಬೀಳಾಕ ಆರ ದಾರಿ. ಹತ್ತು ದೊಡ್ಡದೋ ಆರು ದೊಡ್ಡದೋ ನೀನ ಹೇಳು.

ಕಾರವಾರದವ, ಈಗ ವಾಸ್ಕೋ
ನಾನು ಟೇಬಲಿನ ಆಚೆ ಬದಿ ನಿಂತು ಕೆಲಸ ಮಾಡಿದವನು. ಪಿಂಪ್ರಿ ಅಣ್ಣನ ಹತ್ತು-ಆರರ ಲೆಕ್ಕ ಅರ್ಧ ಮಾತ್ರ. ಎರಡೂ ಕಡೆ 600 ಇಟ್ಟಾಗ ಗೆದ್ದರೆ 700, ಏಳು ಬಿದ್ದರೆ ಎರಡೂ ಒಟ್ಟಿಗೆ ಹೋಗಿ 1,200. ಹತ್ತು ಸಲ 700 ಅಂದರೆ 7,000. ಆರು ಸಲ 1,200 ಅಂದರೆ 7,200. ಸರಾಸರಿ 36 ಸಲ ದಾಳ ಬಿದ್ದಾಗ 200 ರೂಪಾಯಿ ಕ್ಯಾಸಿನೊಗೆ. ಕೆಟ್ಟ ಆಟ ಅಲ್ಲ, ಆದರೆ ಗೆಲ್ಲುವ ಆಟ ಅಂತ ಹುಡುಗನಿಗೆ ಹೇಳಬೇಡಿ.

ತಮ್ಮಾ, ಮೊದಲು ಫೋನ್ ಮಾಡಿ ಕ್ರಾಪ್ಸ್ ಟೇಬಲ್ ಆ ದಿನ ತೆರೆದಿರುತ್ತದಾ ಅಂತ ಕೇಳು. ಗೋವಾದಲ್ಲಿ ಜನ ಮುಗಿಬೀಳುವುದು ಅಂದರ್ ಬಾಹರ್, ಬಕಾರಾ, ರೂಲೆಟ್, ತೀನ್ ಪತ್ತಿಗೆ. ಟೇಬಲ್ ತೆರೆಯುವ ತನಕ ಸುಮ್ಮನೆ ಅಂದರ್ ಬಾಹರ್ ಅಂತ ಕೂತವರು, ಕ್ರಾಪ್ಸ್ ಶುರುವಾಗುವಷ್ಟರಲ್ಲಿ ಅರ್ಧ ದುಡ್ಡು ಕಳೆದುಕೊಂಡು ಬರುತ್ತಿದ್ದರು. ಆ ಅರ್ಧವನ್ನು ಬೇಗ ವಾಪಸ್ ತರಬೇಕು ಅಂತ ನಡುವಿನ ಬೆಟ್‌ಗೆ ಇಳಿಯುತ್ತಿದ್ದರು. ನಾನು ದಾಳ ದೂಡುತ್ತ ಇದನ್ನೇ ನೋಡಿದ್ದು.

ಶೆಟ್ರು ಹೇಳಿದ ಹಾಗೆ ಚಿಪ್ಸ್ ಬೆಲೆಯ ಮೇಲೆ 40 ಪರ್ಸೆಂಟ್ ಬೀಳುವುದಾದರೆ ನಿನ್ನ 25 ಸಾವಿರದಲ್ಲಿ 24,500ಕ್ಕೆ 17,500ದ ಚಿಪ್ಸ್. ಪಾಸ್ ಲೈನಿಗೆ 500, ಪಾಯಿಂಟ್ ಬಿದ್ದ ಮೇಲೆ ಆಡ್ಸ್ 1,000. ಪಾಯಿಂಟ್ ಆರು ಎಂಟಾದರೆ ಆ ಸಾವಿರಕ್ಕೆ 1,200, ಐದು ಒಂಬತ್ತಾದರೆ 1,500, ನಾಲ್ಕು ಹತ್ತಾದರೆ 2,000. ಚಿಲ್ಲರೆಯ ತಕರಾರಿಲ್ಲ. ಪಾಸ್ ಲೈನಿನ ಮೇಲೆ ಮನೆಯ ಪಾಲು 1.41 ಪರ್ಸೆಂಟ್, ಆಡ್ಸ್ ಮೇಲೆ ಏನೂ ಇಲ್ಲ. ಆದರೆ ಪಾಯಿಂಟ್ ಆದ ಮೇಲೆ ಏಳು ಬಿದ್ದಾಗಲೆಲ್ಲ 1,500 ಹೋಗುತ್ತದೆ, ಸಾಲಾಗಿ ಹನ್ನೊಂದು ಸಲ ತಡೆಯಬಹುದು. ಮನೆಯ ಪಾಲು ಇಲ್ಲ ಅಂತ ಆಡ್ಸ್ 2,500 ಇಡಲು ಹೋದರೆ ಐದೇ ಸಲ. ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದನ್ನು ಮೊದಲು ತೀರ್ಮಾನಿಸು, ಆಡ್ಸ್ ಅದರ ಮೇಲೆ.

ಹುಬ್ಬಳ್ಳಿಯಾಂವ, ಪಿಂಪ್ರಿ
ಅಂದ್ರ ನೀವು ಮನಿಯವರ ಕಡೆಯವರು. ಟಿಪ್ ತಗೊಂಡು ನಿಂತವರು ಈಗ ನಮಗ ಪಾಠಾ ಹೇಳಾಕ ಬಂದಿರಿ. 36 ಸಲ ಯಾರು ನಿಂತು ಎಣಿಸ್ತಾರ? ಒಬ್ಬೊಬ್ಬರ ಕೈ ಬರ್ತದ್ರೀ. ಅಟ್ಲಾಂಟಿಕ್ ಸಿಟಿಯಾಗ 2009ರಾಗ ಒಬ್ಬಾಕಿ ಹೆಣ್ಮಗಳು 154 ಸಲ ದಾಳ ಹಾಕಿದ ಮ್ಯಾಲೆ ಔಟಾದ್ಲು, ನಾಕು ತಾಸಿನ ಮ್ಯಾಲೆ. ಅಲ್ಲೆ ನಿಮ್ಮ ಲೆಕ್ಕ ಎಲ್ಲಿ ಹೋಗಿತ್ತು? ಕೈ ಬಂದಾಗ ಏರಿಸಬೇಕು, ಹೋದಾಗ ಇಳಿಸಬೇಕು. ನಾ ಒಮ್ಮೆ ಹಂಗ ಏರಿಸೇ 600ರಿಂದ 1,800ಕ್ಕ ಹೋಗಿದ್ದೆ, ಒಂದ ಸರ್ತಿಗೆ 2,100 ಎಣಿಸಿ ಕೊಟ್ರು.

ಕಾರವಾರದವ, ಈಗ ವಾಸ್ಕೋ
ನಾನು ಯಾರ ಕಡೆಯವನೂ ಅಲ್ಲ. ಟಿಪ್ ಅನ್ನುವ ಮಾತು ಹಿಂದಕ್ಕೆ ತೆಗೆದುಕೊಳ್ಳಿ, ಬೆಳಗಿನ ಜಾವದ ತನಕ ನಿಂತು ದುಡಿದ ಕಾಲು ಇವು. ಆ ಹೆಂಗಸು ಹತ್ತನೇ ಸಲ ದಾಳ ಹಾಕುವಾಗ ಬೆಟ್ ಏರಿಸಿದವನಿಗೆ ಅದು 154ರ ತನಕ ಹೋಗುತ್ತದೆ ಅಂತ ಗೊತ್ತಿತ್ತಾ? ದಾಳ ಹಾಕುವವರ ಸರದಿ ಸರಾಸರಿ ಎಂಟೂವರೆ ಸಲಕ್ಕೆ ಮುಗಿಯುತ್ತದೆ. ಕೈ ಬಂದಿದೆ ಅಂತ ನಿಮಗೆ ಅನ್ನಿಸುವಾಗಲೂ ಮುಂದಿನ ಸಲ ಏಳು ಬೀಳುವ ಸಾಧ್ಯತೆ ಮೊದಲಿನಷ್ಟೇ ಇರುತ್ತದೆ.

ಮಾಟುಂಗಾ ಅಕ್ಕ
ಗಂಡಸರು ಬೆಟ್ ಬಗ್ಗೆ ಜಗಳ ಆಡ್ತಾ ಇರಿ. ನಮ್ಮ ಮನೆಯಲ್ಲಿ ದುಡ್ಡು ಉಳಿದದ್ದು ಪರ್ಸ್ ನನ್ನ ಕೈಯಲ್ಲಿದ್ದದ್ದಕ್ಕೆ.

ನಮ್ಮ ಯಜಮಾನರದ್ದು ಸೋತಷ್ಟಕ್ಕೆ ಇಮ್ಮಡಿ ಇಡುವ ಪದ್ಧತಿ. 500, ಹೋಯ್ತು. 1,000, ಹೋಯ್ತು. 2,000, ಹೋಯ್ತು. 4,000 ಇಟ್ಟದ್ದೂ ಹೋಯ್ತು. ಅಲ್ಲಿಗೆ 7,500. ತಿರುಗಿ ನನ್ನ ಕಡೆ ಕೈ ಚಾಚಿ 8,000 ಕೇಳಿದರು. ಕೊಡಲಿಲ್ಲ. ಅಕ್ಕಪಕ್ಕದವರೆಲ್ಲ ನೋಡ್ತಾ ಇದ್ದರು, ಆದರೂ ಕೊಡಲಿಲ್ಲ. ಮುಂದಿನ ಸಲ ಪಾಸ್ ಲೈನ್ ಗೆದ್ದಿತು. ಅದನ್ನ ಅವರು ಇವತ್ತಿಗೂ ಬಿಟ್ಟಿಲ್ಲ, ಯಾರ ಮನೆಯ ಮದುವೆಗೆ ಹೋದರೂ "ಇವಳು ಕೊಟ್ಟಿದ್ದರೆ" ಅಂತ ಶುರು. ಕೊಟ್ಟಿದ್ದರೆ ಏನು ಬರ್ತಿತ್ತು? ಹೋದದ್ದೆಲ್ಲ ವಾಪಸ್ ಬಂದು ಮೇಲೆ 500. ಆ ಐನೂರಕ್ಕೆ 15,500 ಪಣಕ್ಕಿಡಬೇಕಿತ್ತು. ಆರು ಸಲ ಸಾಲಾಗಿ ಸೋತರೆ 31,500. ಅಷ್ಟು ಹೊತ್ತಿಗೆ ಟೇಬಲಿನ ಮೇಲ್ಮಿತಿಯೂ ಅಡ್ಡ ಬರುತ್ತೆ.

ಇನ್ನೊಂದು, ಪ್ಯಾಕೇಜಿನಲ್ಲಿ ಕೊಡುವ ಒಟಿಪಿ (ವನ್ ಟೈಮ್ ಪ್ಲೇ, ಒಂದೇ ಸಲ ಆಡುವ) ಚಿಪ್ಸನ್ನ ದುಡ್ಡು ಅಂತ ಲೆಕ್ಕ ಹಾಕಬೇಡಿ. ಅವನ್ನ ಆಡಬಹುದು, ಕ್ಯಾಶ್ ಮಾಡಿಸೋಕೆ ಆಗೋದಿಲ್ಲ. ಮತ್ತೆ ಫೋನು. ಲಕೋಟೆ ಮೂರು ಮಾಡಿ ಏನು ಪ್ರಯೋಜನ, ಕಿಸೆಯಲ್ಲಿ ಯುಪಿಐ ಇದ್ದರೆ ಅದು ನಾಲ್ಕನೇ ಲಕೋಟೆ. ನಾನು ಅವರ ಫೋನನ್ನ ಲಾಡ್ಜಿನ ಬೀರುವಿನಲ್ಲಿ ಬೀಗ ಹಾಕಿಯೇ ದೋಣಿ ಹತ್ತಿಸಿದ್ದು. ಕುಡಿಯೋದು ಪುಕ್ಕಟೆ ಅಂತ ಹೇಳ್ತಾರಲ್ಲ, ಮೂರನೇ ಗ್ಲಾಸಿನ ಮೇಲೆಯೇ 4,000 ಇಟ್ಟದ್ದು.

ಡೊಂಬಿವಲಿ ಶೆಟ್ರು
ಅಕ್ಕ ಹೇಳಿದ್ದು ಸರಿ. ಆದರೆ ಪಿಂಪ್ರಿಯವರೆ, ನಿಮಗೆ ತೆರಿಗೆ ಬೀಳಲಿಲ್ವಾ ಹಾಗಾದರೆ?

ಹುಬ್ಬಳ್ಳಿಯಾಂವ, ಪಿಂಪ್ರಿ
ನಾ ಹೋದಲ್ಲಿ ಪ್ಯಾಕೇಜಿನಾಗ ಎಲ್ಲಾ ಸೇರಿತ್ತು. ಕೌಂಟರಿನಾಗ ಬ್ಯಾರೆ ಏನೂ ಹಿಡೀಲಿಲ್ಲ.

ಥಾಣೆ ಲೆಕ್ಕಿಗ
ಸೇರಿತ್ತು ಅಂದರೆ ನೀವು ಕೊಟ್ಟಿದ್ದೀರಿ ಅಂತಲೇ ಅರ್ಥ ಅಣ್ಣಾ. ನನ್ನ ಕಕ್ಷಿದಾರರು ತಂದ ರಸೀದಿಗಳಲ್ಲಿ ಒಬ್ಬೊಬ್ಬರದ್ದು ಒಂದೊಂದು ಥರ. ಕೆಲವು ಕಡೆ ಕೊಟ್ಟ ಹಣದೊಳಗಿಂದ ಕಡಿತ, ಕೆಲವು ಕಡೆ ಮೇಲಿಂದ, ಕೆಲವು ಕಡೆ ಚಿಪ್ಸ್ ಪೂರ್ತಿ ಕೊಟ್ಟು ಬೇರೆ ರೀತಿಯಲ್ಲಿ ವಸೂಲಿ. ದುಡ್ಡು ಕೊಡುವ ಮುಂಚೆ "ಹತ್ತು ಸಾವಿರಕ್ಕೆ ಎಷ್ಟರ ಚಿಪ್ಸ್?" ಅಂತ ಬಾಯಿಬಿಟ್ಟು ಕೇಳಿ. ಗೆದ್ದದ್ದರ ಮೇಲೆ ಆದಾಯ ತೆರಿಗೆ 30 ಪರ್ಸೆಂಟ್, ಅದರ ಮೇಲೆ ಸೆಸ್. ಸೋತದ್ದನ್ನು ಅದರಿಂದ ಕಳೆಯೋಕೆ ಕಾಯ್ದೆ ಬಿಡುವುದಿಲ್ಲ. ಇದನ್ನು ಹೇಳಿದಾಗ ಬಯ್ದು ಎದ್ದು ಹೋದವರೂ ಇದ್ದಾರೆ, ನಾನು ಮಾಡಿದ ಕಾಯ್ದೆ ಏನೋ ಅನ್ನುವ ಹಾಗೆ.

ಮಾಪ್ಸಾ ನಿವಾಸಿ
ಮಧ್ಯೆ ಕೇಳ್ತಿದ್ದೇನೆ, ಬೇಜಾರಾಗಬೇಡಿ. ನನ್ನ ಆಧಾರ್ ಗೋವಾ ವಿಳಾಸದ್ದು, ಊರಿನ ಹಳೇ ವೋಟರ್ ಕಾರ್ಡ್ ಗದಗದ್ದು ಇದೆ. ಅದನ್ನ ತೋರಿಸಿ ಒಳಗೆ ಹೋಗಬಹುದಾ?

ಕಾರವಾರದವ, ಈಗ ವಾಸ್ಕೋ
ಬೇಡ. 2020ರ ಫೆಬ್ರವರಿ 1ರಿಂದ ಗೋವಾ ನಿವಾಸಿಗಳಿಗೆ ಆಡಲು ಪ್ರವೇಶ ಇಲ್ಲ. ಒಳಗೆ ಕೆಲಸಕ್ಕೆ ಹೋಗಬಹುದು, ಆಟಕ್ಕೆ ಇಲ್ಲ. ಹಳೇ ಕಾರ್ಡ್ ತೋರಿಸಿ ಸಿಕ್ಕಿಬಿದ್ದರೆ ತೊಂದರೆ ನಿಮಗೆ.

ಮಾಪ್ಸಾ ನಿವಾಸಿ
ಮುಂಬೈಯವರು, ಪುಣೆಯವರು ಬಂದು ಲಕ್ಷ ಲಕ್ಷ ಆಡಬಹುದು, ಹದಿನೈದು ವರ್ಷದಿಂದ ಇಲ್ಲೇ ಗಾರೆ ಕೆಲಸ ಮಾಡುವ ನಾವು ಆಡಬಾರದು. ಇದು ಯಾವ ನ್ಯಾಯ?

ಮಾಟುಂಗಾ ಅಕ್ಕ
ಒಳ್ಳೆಯ ನ್ಯಾಯವೇ ತಮ್ಮಾ. ಸಂಬಳದ ದಿನ ದೋಣಿ ಹತ್ತೋಕೆ ಹತ್ತು ನಿಮಿಷ ಸಾಕು ಅನ್ನುವ ಊರಿನಲ್ಲಿ ಇಂಥ ಕಾನೂನು ಇರಲೇಬೇಕು. ನಿಮ್ಮ ಮನೆಯವರನ್ನ ಕೇಳಿ ನೋಡಿ.

ಮಾಪ್ಸಾ ನಿವಾಸಿ
ನನ್ನ ಮನೆಯ ಮಾತು ನಿಮಗೆ ಬೇಡ ಅಕ್ಕ. ನೀವು ಹೋಗಿ ಬಂದವರೇ ಅಲ್ಲವಾ?

ಡೊಂಬಿವಲಿ ಶೆಟ್ರು
ಸಾಕು ಮಾರಾಯ್ರೆ, ಇಬ್ಬರೂ ಬಿಡಿ. ಹುಡುಗ ಹೆದರಿ ಓಡಿಹೋಗ್ತಾನೆ.

ಹಿಂಜವಡಿ ಹುಡುಗ
ಓಡಿಲ್ಲ ಶೆಟ್ರೆ, ಎಲ್ಲ ಓದ್ತಾ ಇದ್ದೇನೆ. ಕಾರವಾರದ ಅಣ್ಣ ಹೇಳಿದ 500, 1,000 ನನಗೆ ಹಿಡಿಸಿತು. 17,500ರಲ್ಲಿ ಎಷ್ಟಕ್ಕೆ ಏರಿದರೆ ಏಳಬೇಕು?

ಕಾರವಾರದವ, ಈಗ ವಾಸ್ಕೋ
24,500 ಕೊಟ್ಟಿರುತ್ತೀಯಲ್ಲ, ಚಿಪ್ಸ್ ಅಷ್ಟು ಮುಟ್ಟಿದರೆ ನಿನ್ನ ದುಡ್ಡು ಮಾತ್ರ ವಾಪಸ್ ಬಂದ ಹಾಗೆ. ಅಲ್ಲಿಗೆ ಬಂದರೆ ಎದ್ದು ಬಿಡು.

ಹುಬ್ಬಳ್ಳಿಯಾಂವ, ಪಿಂಪ್ರಿ
ಅಲ್ಲಿ ಏಳೂದಾದ್ರ ಹೋಗೂದರ ಯಾಕ? ತಮ್ಮಾ, ಅಲ್ಲಿಗೆ ಬಂದಾಗ ಲೈನ್ ಬಿಟ್ಟು ಆರು, ಎಂಟರ ಮ್ಯಾಲೆ 600, 600 ಮಾಡು. ಎರಡು ಸಲ ಏಳು ಬಿತ್ತಂದ್ರ ಆಗ ಎದ್ದು ಬಿಡು.