ಸ್ಪ್ಯಾನಿಷ್ ಇ-ಪುಸ್ತಕ, ಆಡಿಯೋಬುಕ್ ಮಾರುಕಟ್ಟೆ: ನಿಮ್ಮ ಪ್ರಶ್ನೆ, ಬಾರ್ಸಿಲೋನಾದಿಂದ ಉತ್ತರ

ನಿರ್ವಾಹಕ: ಸ್ನೇಹಿತರೇ, ಸ್ಪ್ಯಾನಿಷ್‌ಗೆ ಪುಸ್ತಕ ಕಳಿಸೋದು, ಅಲ್ಲಿನ ಆಡಿಯೋಬುಕ್ ವ್ಯಾಪಾರ ಅಂತ ಹೋದ ವಾರ ಇಲ್ಲಿ ನೂರಾರು ಕಾಮೆಂಟ್ ಬಂದವು. ಅದಕ್ಕೇ ಬಲ್ಲವರನ್ನೇ ಕೇಳೋಣ ಅಂತ. ಮೇಡಂ ಸಾಗರದವರು. 11 ವರ್ಷದಿಂದ ಬಾರ್ಸಿಲೋನಾದಲ್ಲಿದ್ದಾರೆ. ಪ್ರಕಾಶಕರ ಇ-ಪುಸ್ತಕ, ಆಡಿಯೋಬುಕ್‌ಗಳನ್ನ ಆನ್‌ಲೈನ್ ಅಂಗಡಿಗಳಿಗೆ ತಲುಪಿಸುವ ವಿತರಣಾ ಸಂಸ್ಥೆಯಲ್ಲಿ ಕೆಲಸ. ಒಬ್ಬರಿಗೆ ಒಂದು ಪ್ರಶ್ನೆ. ಫಾರ್ವರ್ಡ್ ಹಾಕಬೇಡಿ.

ಹುಬ್ಬಳ್ಳಿಯ ಪ್ರಕಾಶಕರು: ಮೇಡಂ ನಮಸ್ಕಾರ. ಹತ್ತಿರ ಹತ್ತಿರ 50 ಕೋಟಿ ಜನರ ಮಾತೃಭಾಷೆ ಅದು. ಅಲ್ಲಿ ಈಗ ಕಾಗದದ ಪುಸ್ತಕಕ್ಕಿಂತ ಇ-ಪುಸ್ತಕವೇ ಜಾಸ್ತಿ ಹೋಗುತ್ತೆ ಅಂತಾರೆ. ನಿಜವೇ?

ಉತ್ತರ: ನಮಸ್ಕಾರ ಸರ್. ಇಲ್ಲ. ಸ್ಪೇನ್‌ನ ಪ್ರಕಾಶಕರ ಒಟ್ಟು ವಹಿವಾಟಿನಲ್ಲಿ ಡಿಜಿಟಲ್ ಪಾಲು ನೂರಕ್ಕೆ ಐದರ ಆಸುಪಾಸು. ದೊಡ್ಡ ಪ್ರಕಾಶಕರೆಲ್ಲ ಸೇರಿ ಲಿಬ್ರಾಂದಾ ಅನ್ನೋ ವಿತರಣಾ ಸಂಸ್ಥೆ ಕಟ್ಟಿದ್ದು 2010ರಲ್ಲಿ, ಸ್ಪೇನ್‌ನ ಕಿಂಡಲ್ ಅಂಗಡಿ ತೆರೆದದ್ದು 2011ರ ಡಿಸೆಂಬರ್‌ನಲ್ಲಿ. ಅಷ್ಟು ವರ್ಷ ಆದರೂ ಕಾಗದ ಜಗ್ಗಿಲ್ಲ. ಏಪ್ರಿಲ್ 23ರ ಸಂತ್ ಜೊರ್ದಿ ದಿನ ಇಲ್ಲಿನ ಬೀದಿಗೆ ಬಂದರೆ ಕಾರಣ ಗೊತ್ತಾಗುತ್ತೆ. ಊರಿಗೆ ಊರೇ ಗುಲಾಬಿ, ಪುಸ್ತಕ ಹಿಡಿದು ಓಡಾಡುತ್ತೆ.

ಕಾನೂನಿನ ಕಾರಣವೂ ಇದೆ. 2007ರ ಕಾಯ್ದೆ ಪ್ರಕಾರ ಪುಸ್ತಕದ ಬೆಲೆ ನಿಗದಿ ಮಾಡೋದು ಪ್ರಕಾಶಕ. ಮಾಮೂಲಿ ದಿನಗಳಲ್ಲಿ ಅಂಗಡಿಯವನು ನೂರಕ್ಕೆ 5ಕ್ಕಿಂತ ಹೆಚ್ಚು ರಿಯಾಯಿತಿ ಕೊಡುವ ಹಾಗಿಲ್ಲ. ಹಾಗಾಗಿ ಬೆಲೆ ಮುರಿದು ಇ-ಪುಸ್ತಕ ನುಗ್ಗಿಸೋಕೆ ಆಗಲಿಲ್ಲ. ತೆರಿಗೆ ಇನ್ನೊಂದು. ಕಾಗದದ ಪುಸ್ತಕಕ್ಕೆ ನೂರಕ್ಕೆ 4, ಅದೇ ಪುಸ್ತಕ ಪರದೆಯ ಮೇಲಿದ್ದರೆ 21! ಇದು ಇಳಿದು ಎರಡೂ 4 ಆದದ್ದು 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್‌ನಲ್ಲಿ ಅಂಗಡಿಗಳೆಲ್ಲ ಮುಚ್ಚಿದ್ದಾಗ.

ಡಿಜಿಟಲ್‌ನ ನಿಜವಾದ ಬಲ ಸಮುದ್ರದ ಆಚೆ ಇದೆ. ಮ್ಯಾಡ್ರಿಡ್‌ನಲ್ಲಿ ಅಚ್ಚಾದ ಪುಸ್ತಕ ಬೊಲಿವಿಯಾದ ಒಂದು ಸಣ್ಣ ಊರಿಗೆ ಹೋಗಬೇಕಾದರೆ ಹಡಗು, ಸುಂಕ, ಸಾಗಣೆ ಎಲ್ಲ ಸೇರಿ ಬೆಲೆ ಕೈಗೆಟುಕಲ್ಲ, ಎಷ್ಟೋ ಸಲ ಹೋಗೋದೇ ಇಲ್ಲ. ಇ-ಪುಸ್ತಕ ಬಿಡುಗಡೆಯ ದಿನವೇ ತಲುಪುತ್ತೆ. ಸ್ಪೇನ್‌ನ ಪ್ರಕಾಶಕರ ಮಾರಾಟದ ವರದಿ ತೆರೆದಾಗ ನಾನು ಮೊದಲು ನೋಡೋದು ಮೆಕ್ಸಿಕೊ, ಕೊಲಂಬಿಯಾ, ಅಮೆರಿಕದ ಸಾಲುಗಳನ್ನ.

ಮೈಸೂರಿನ ಸದಸ್ಯ: ಆಡಿಯೋಬುಕ್ ಜನ ಒಂದೊಂದಾಗಿ ಕೊಳ್ತಾರಾ, ಇಲ್ಲ ತಿಂಗಳ ಚಂದಾನಾ?

ಉತ್ತರ: ಹೆಚ್ಚಿನದು ಚಂದಾ. ಸ್ವೀಡನ್ನಿನ ಸ್ಟೋರಿಟೆಲ್ 2017ರಲ್ಲಿ ಸ್ಪೇನ್‌ಗೆ ಬಂತು, ನಮ್ಮ ದೇಶಕ್ಕೂ ಅದೇ ವರ್ಷ. ಅಮೆಜಾನ್‌ನ ಆಡಿಬಲ್ ಬಂದದ್ದು 2020ರ ಅಕ್ಟೋಬರ್‌ನಲ್ಲಿ. ಅವಕ್ಕೂ ಮುಂಚೆ, 2013ರಲ್ಲಿ, ಟೆಲಿಫೋನಿಕಾ ಕಂಪನಿ ಮತ್ತು ಇಲ್ಲಿನ ಹಳೇ ಪುಸ್ತಕ ಕ್ಲಬ್ ಸೇರಿ ನುಬಿಕೊ ಶುರು ಮಾಡಿದ್ದವು. ಅದೂ ಈಗ ಸ್ವೀಡನ್ನಿನ ನೆಕ್ಸ್‌ಟರಿ ಕೈಗೆ ಹೋಗಿದೆ. ಚಂದಾ ಅಂದಾಗ ಲೇಖಕರು ಕೇಳಬೇಕಾದ್ದು ಒಂದೇ: ನನಗೆ ಹಣ ಲೆಕ್ಕ ಹಾಕೋದು ಕೇಳಿದ ಗಂಟೆಗೋ, ಕೇಳಿದ ಪುಸ್ತಕಕ್ಕೋ? ಗಂಟೆ ಲೆಕ್ಕ ಆದರೆ ಕವಿತೆಯವರಿಗೆ, ಸಣ್ಣ ಪುಸ್ತಕದವರಿಗೆ ಪೆಟ್ಟು.

ತುಮಕೂರಿನ ಸದಸ್ಯ: ಫಾರ್ವರ್ಡ್ ಅಂತ ಬೈಬೇಡಿ, ಉಪಯೋಗ ಆಗುತ್ತೆ ಅಂತ ಹಾಕ್ತಿದ್ದೀನಿ. "ಹಳೇ ಸ್ಪ್ಯಾನಿಷ್ ಕ್ಲಾಸಿಕ್‌ಗಳಿಗೆ ಕಾಪಿರೈಟ್ ಇಲ್ಲ. ಡೌನ್‌ಲೋಡ್ ಮಾಡಿ ಕಿಂಡಲ್‌ಗೆ ಹಾಕಿ, ಎಐ ದನಿಯಲ್ಲಿ ಆಡಿಯೋ ಮಾಡಿ. ಭಾಷೆ ಬರೋದು ಬೇಡ. ತಿಂಗಳಿಗೆ 2 ಲಕ್ಷ ಖಚಿತ."

ಉತ್ತರ: ಈ ಸಂದೇಶ ನನಗೆ ಈ ತಿಂಗಳಲ್ಲೇ ನಾಲ್ಕು ಜನರಿಂದ ಬಂದಿದೆ. ದಯವಿಟ್ಟು ಇದನ್ನು ನಂಬಿ ಯಾರೂ ದುಡ್ಡು ಕಟ್ಟಿ ಕೋರ್ಸ್ ಸೇರಬೇಡಿ.

ಕಾಪಿರೈಟ್ ಇಲ್ಲ ಅಂದ್ರೆ ಯಾವ ದೇಶದಲ್ಲಿ? ಸ್ಪೇನ್‌ನಲ್ಲಿ 1987ರ ಡಿಸೆಂಬರ್ 7ಕ್ಕಿಂತ ಮುಂಚೆ ತೀರಿಕೊಂಡ ಲೇಖಕರಿಗೆ ಸಾವಿನ ನಂತರ 80 ವರ್ಷ ರಕ್ಷಣೆ. 1936ರಲ್ಲಿ ಕೊಲೆಯಾದ ಸ್ಪೇನ್‌ನ ಕವಿ ಲೋರ್ಕಾನ ಕೃತಿಗಳು ಅಲ್ಲಿ ಮುಕ್ತವಾದದ್ದು 2017ರಲ್ಲಿ. ಅರ್ಜೆಂಟೀನಾದಲ್ಲಿ 70 ವರ್ಷ. ಮೆಕ್ಸಿಕೊದಲ್ಲಿ ಈಗಿನ ಕಾನೂನು 100 ವರ್ಷ ಅನ್ನುತ್ತೆ. ಒಂದೇ ಫೈಲನ್ನ ಎಲ್ಲ ದೇಶಕ್ಕೂ ಬಿಟ್ಟರೆ ಎಲ್ಲೋ ಒಂದು ಕಡೆ ಇನ್ನೊಬ್ಬರ ಹಕ್ಕು ಕದ್ದ ಹಾಗಾಗುತ್ತೆ. ಇನ್ನು ಕಿಂಡಲ್‌ನಲ್ಲಿ ಇಂಥ ಮುಕ್ತ ಕೃತಿಗಳಿಗೆ ಸಿಗೋ ರಾಯಲ್ಟಿ ನೂರಕ್ಕೆ 35 ಮಾತ್ರ, 70 ಅಲ್ಲ. ಎಐಯೇ ತಯಾರಿಸಿದ್ದನ್ನ ಹಾಗೇ ಅಂತ ತಿಳಿಸಲೇಬೇಕು ಅನ್ನೋ ನಿಯಮವನ್ನ 2023ರ ಸೆಪ್ಟೆಂಬರ್‌ನಲ್ಲಿ ತಂದರು. ಮುಚ್ಚಿಟ್ಟು ಸಿಕ್ಕಿಬಿದ್ದರೆ ಖಾತೆಯೇ ಹೋಗಬಹುದು. ಭಾಷೆ ಬರದೆ ಆ ಭಾಷೆಯ ಓದುಗರಿಗೆ ಪುಸ್ತಕ ಮಾರೋದು ತಪ್ಪು ಸರ್. ನಮ್ಮ ಕುವೆಂಪು, ಬೇಂದ್ರೆಯವರನ್ನ ಕನ್ನಡ ಬರದ ಯಾರೋ ಹೀಗೆ ಮಾಡಿದ್ರೆ ನಾವು ಸುಮ್ಮನಿರ್ತೀವಾ?

ದಾವಣಗೆರೆಯ ಸದಸ್ಯೆ: ನಾನು ಸ್ಪ್ಯಾನಿಷ್ ಕಲಿಕೆಯಲ್ಲಿ ಬಿ2 ಹಂತ ಮುಗಿಸಿದ್ದೀನಿ. ದನಿ ಚೆನ್ನಾಗಿದೆ ಅಂತಾರೆ. ಇಲ್ಲಿಂದಲೇ ಸ್ಪ್ಯಾನಿಷ್ ಆಡಿಯೋಬುಕ್ ಓದಬಹುದಾ? ಎಸಿಎಕ್ಸ್ ಅಂತ ಒಂದಿದೆಯಂತೆ.

ಉತ್ತರ: ಎಸಿಎಕ್ಸ್ ಅಂದ್ರೆ ಆಡಿಯೋಬುಕ್ ಓದುವವರನ್ನ ಲೇಖಕರು, ಪ್ರಕಾಶಕರ ಜೊತೆ ಸೇರಿಸೋ ಆಡಿಬಲ್‌ನವರ ತಾಣ. ಅದಕ್ಕೆ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್ ನಿವಾಸಿಗಳು ಮಾತ್ರ ಸೇರಬಹುದು. ಸ್ಪೇನ್‌ನವರಿಗೇ ಆಗಲ್ಲ. ಓದೋಕೆ ಮಾತೃಭಾಷೆಯವರನ್ನೇ ಕರೀತಾರೆ, ಅದರಲ್ಲೂ ಯಾವ ದೇಶದವರು ಅಂತ ನೋಡ್ತಾರೆ.

ಬೆಂಗಳೂರಿನ ಸದಸ್ಯೆ: ಯಾವ ದೇಶದವರು ಅಂದ್ರೆ? ಸ್ಪ್ಯಾನಿಷ್ ಸ್ಪ್ಯಾನಿಷೇ ಅಲ್ವಾ?

ಉತ್ತರ: ಅಲ್ಲ. ಮ್ಯಾಡ್ರಿಡ್‌ನವರು 'ಗ್ರಾಸಿಯಾಸ್' ಅನ್ನುವಾಗ ನಡುವಿನ ಸಕಾರಕ್ಕೆ ನಾಲಿಗೆ ಹಲ್ಲಿಗೆ ತಾಗಿಸ್ತಾರೆ, ಮೆಕ್ಸಿಕೊದವರು ತಾಗಿಸಲ್ಲ. ಸ್ಪೇನ್‌ನಲ್ಲಿ ಸಲಿಗೆಯ 'ನೀವೆಲ್ಲ'ಕ್ಕೆ ಒಂದು ಪದ, ಲ್ಯಾಟಿನ್ ಅಮೆರಿಕದಲ್ಲಿ ಆ ಪದವನ್ನ ಬಳಸೋದೇ ಇಲ್ಲ. ಅರ್ಜೆಂಟೀನಾದಲ್ಲಿ 'ನೀನು'ವೇ ಬೇರೆ. ಸ್ಪೇನ್‌ನಲ್ಲಿ 'ಬಸ್ ಹಿಡಿ' ಅನ್ನೋಕೆ ದಿನವಿಡೀ ಬಳಸೋ ಕ್ರಿಯಾಪದ ಮೆಕ್ಸಿಕೊ, ಅರ್ಜೆಂಟೀನಾದಲ್ಲಿ ಬೈಗುಳ. ಕಣ್ಣಲ್ಲಿ ಓದುವಾಗ ಓದುಗರು ಸಹಿಸ್ಕೊಳ್ತಾರೆ. ಕಿವಿ ಸಹಿಸಲ್ಲ. ಎಂಟು ಗಂಟೆ ಒಬ್ಬರ ದನಿ ಕಿವಿಯಲ್ಲಿರಬೇಕು, ಹತ್ತು ನಿಮಿಷಕ್ಕೇ ನಿಲ್ಲಿಸಿಬಿಡ್ತಾರೆ. ಅದಕ್ಕೇ ಕೆಲವು ಪುಸ್ತಕಗಳನ್ನ ಎರಡು ಸಲ ಧ್ವನಿಮುದ್ರಣ ಮಾಡ್ತಾರೆ, ಸ್ಪೇನ್‌ಗೊಂದು, ಅಮೆರಿಕ ಖಂಡಕ್ಕೊಂದು. ಖರ್ಚು ಎರಡರಷ್ಟು. ಇನ್ನು ಕೆಲವರು ಮೆಕ್ಸಿಕೊದ ಡಬ್ಬಿಂಗ್‌ನವರು ರೂಢಿಸಿದ 'ತಟಸ್ಥ' ಸ್ಪ್ಯಾನಿಷ್ ಬಳಸ್ತಾರೆ. ಕಾದಂಬರಿಗೆ ಅದು ನನಗೆ ಹಿಡಿಸಲ್ಲ. ಊರೇ ಇಲ್ಲದ ಭಾಷೆ ಅದು.

ವಿಜಯಪುರದ ಸದಸ್ಯ: ಇದು ನಮ್ಮಲ್ಲೂ ಆಗಬೇಕ್ರಿ. ಕನ್ನಡ ಆಡಿಯೋಬುಕ್ ಹಚ್ಚಿದ್ರ ಎಲ್ಲಾ ಬೆಂಗಳೂರು-ಮೈಸೂರು ದನೀನ. ನಮ್ಮ ಕಡೆ ಕಥಿ ಓದೂ ಮುಂದನೂ ಅದ ದನಿ.

ಮೈಸೂರಿನ ಸದಸ್ಯ: ಪ್ರಮಾಣ ಭಾಷೆ ಅಂತ ಒಂದು ಬೇಕಲ್ಲ ಸರ್. ಎಲ್ಲರಿಗೂ ಅರ್ಥ ಆಗಬೇಕು.

ವಿಜಯಪುರದ ಸದಸ್ಯ: ನಿಮ್ಮ ಮಾತು ನಮಗ ಅರ್ಥ ಆಗತೈತಿ, ನಮ್ಮದು ನಿಮಗ್ಯಾಕ ಆಗೂದಿಲ್ರಿ?

ಮಂಗಳೂರಿನ ಸದಸ್ಯೆ: ನಮ್ಮ ಕಡೆಯ ಕನ್ನಡ ಬರೀ ಸಿನಿಮಾದ ಹಾಸ್ಯಕ್ಕೆ ಉಂಟು ಅಂತ ಮಾಡಿಟ್ಟಿದ್ದಾರೆ. ಯಾರು ಓದಿಸ್ತಾರೆ ನಮ್ಮಿಂದ ಕಾದಂಬರಿ?

ಮೈಸೂರಿನ ಸದಸ್ಯ: ನಾನು ಯಾರನ್ನೂ ಹಾಸ್ಯ ಮಾಡಿಲ್ಲ. ಸುಮ್ಮನೆ ಬಾಯಿಗೆ ಬಂದಿದ್ದು ಹೇಳಬೇಡಿ.

ವಿಜಯಪುರದ ಸದಸ್ಯ: ಪ್ರಮಾಣ ಅಂದವರು ನೀವ, ಈಗ ನಮ್ಮ ಬಾಯಿ ಬಗ್ಗೆ ಮಾತಾಡ್ತೀರಿ?

ನಿರ್ವಾಹಕ: ದಯವಿಟ್ಟು ಇದಕ್ಕೆ ಬೇರೆ ಪೋಸ್ಟ್ ಹಾಕಿ. ಮುಂದಿನ ಪ್ರಶ್ನೆ.

ಕೋಲಾರದ ಸದಸ್ಯ: ಅಲ್ಲಿ ಕೆಲಸದ ವೀಸಾ ಸಿಗೋದು ಹೇಗೆ ಮೇಡಂ?

ಶಿರಸಿಯ ಶಿಕ್ಷಕಿ: ಅಲ್ಲಿನ ಗ್ರಂಥಾಲಯಗಳಲ್ಲಿ ಇ-ಪುಸ್ತಕ ಎರವಲು ಸಿಗುತ್ತಾ?

ಉತ್ತರ: ಸಿಗುತ್ತೆ ಟೀಚರ್. 2014ರಲ್ಲಿ ಇ-ಬಿಬ್ಲಿಯೊ ಅನ್ನೋ ಸರ್ಕಾರಿ ಸೇವೆ ಶುರುವಾಯ್ತು. ಸಾರ್ವಜನಿಕ ಗ್ರಂಥಾಲಯದ ಕಾರ್ಡ್ ಇದ್ದರೆ ಫೋನ್‌ಗೇ ಉಚಿತವಾಗಿ ಬರುತ್ತೆ, ಆಡಿಯೋಬುಕ್ ಕೂಡ. ಗ್ರಂಥಾಲಯ ಪ್ರತಿ ಪುಸ್ತಕಕ್ಕೂ ಪರವಾನಗಿ ಕೊಂಡಿರುತ್ತೆ, ಹಾಗಾಗಿ ಜನಪ್ರಿಯ ಪುಸ್ತಕಕ್ಕೆ ಇಲ್ಲೂ ಸರದಿ ಕಾಯಬೇಕು. ನಮ್ಮಲ್ಲಿ ಜಿಲ್ಲೆಗೊಂದು ಇಂಥದ್ದು ಬರಲಿ ಅಂತ ನನಗೆ ತುಂಬಾ ಆಸೆ.

ತುಮಕೂರಿನ ಇನ್ನೊಬ್ಬ ಸದಸ್ಯ: ಎಐ ದನಿಯಲ್ಲಿ ಮಾಡಿದ್ರೆ ಖರ್ಚು ಉಳಿಯುತ್ತಲ್ವಾ ಮೇಡಂ? ತಿಂಗಳಿಗೆ 2 ಲಕ್ಷ ಅಂತ ಒಂದು ಮೆಸೇಜ್...

ಉತ್ತರ: ಮೇಲೆ ಹೇಳಿದ್ದೀನಿ.

ಧಾರವಾಡದ ಸದಸ್ಯೆ: ಮೇಡಂ, ನಮ್ಮ ತಾಯಿಯವರ ವಿಷಯ. 74 ವರ್ಷ, ಮೂರು ಕಾದಂಬರಿ ಬರೆದಿದ್ದಾರೆ. ಒಂದು ಇಂಗ್ಲಿಷ್‌ಗೆ ಅನುವಾದ ಆಗಿದೆ. ಅದನ್ನ ಓದಿ ಸ್ಪೇನ್‌ನ ಒಂದು ಸಣ್ಣ ಪ್ರಕಾಶನದವರು ಇಮೇಲ್ ಮಾಡಿದ್ದಾರೆ. ಒಟ್ಟು 600 ಯೂರೋ, ಒಂದೇ ಸಲ. ಕರಾರಿನಲ್ಲಿ "ಸ್ಪ್ಯಾನಿಷ್ ಭಾಷೆ, ಇಡೀ ಜಗತ್ತು, ಎಲ್ಲ ರೂಪಗಳು, ಕಾಪಿರೈಟ್ ಮುಗಿಯುವವರೆಗೆ, ಸಂಶ್ಲೇಷಿತ ಧ್ವನಿಯೂ ಸೇರಿ" ಅಂತಿದೆ. ಅಮ್ಮನಿಗೆ ತುಂಬಾ ಖುಷಿಯಾಗಿದೆ, ಸೋಮವಾರ ಸಹಿ ಮಾಡ್ತೀನಿ ಅಂತಿದ್ದಾರೆ. ಮಾಡಬಹುದಾ?

ಉತ್ತರ: ಸೋಮವಾರ ಸಹಿ ಬೇಡ. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ, ಖುಷಿ ಪಡಬೇಕಾದ ಸುದ್ದಿಯೇ ಇದು. ಆದರೆ ನೀವು ಬರೆದ ಆ ಒಂದು ಸಾಲು ಓದಿ ನನಗೆ ತುಂಬಾ ಆತಂಕ ಆಯ್ತು. ಬಿಡಿಸಿ ಹೇಳ್ತೀನಿ.

ಮೊದಲು ಇಂಗ್ಲಿಷ್ ಅನುವಾದ. ಕನ್ನಡದಿಂದ ನೇರ ಸ್ಪ್ಯಾನಿಷ್‌ಗೆ ತರುವವರು ಸಿಗೋದು ಬಹಳ ಅಪರೂಪ, ಅವರು ಖಂಡಿತ ಇಂಗ್ಲಿಷ್‌ನಿಂದ ಮಾಡಿಸ್ತಾರೆ. ಆ ಇಂಗ್ಲಿಷ್ ಪಠ್ಯದ ಮೇಲೆ ಅನುವಾದಕರಿಗೋ, ಅಲ್ಲಿನ ಪ್ರಕಾಶಕರಿಗೋ ಹಕ್ಕಿದೆ. ಅವರ ಅನುಮತಿ ಇಲ್ಲದೆ ಅಮ್ಮ ಒಬ್ಬರೇ ಸಹಿ ಮಾಡಿದರೆ ನಾಳೆ ಜಗಳ ಬರೋದು ಅಮ್ಮನ ತಲೆಗೆ. ಇಂಗ್ಲಿಷ್ ಪುಸ್ತಕದ ಕರಾರು ಹುಡುಕಿ ತೆಗೀರಿ. 'ಇತರ ಭಾಷೆಗಳ ಹಕ್ಕು' ಅಂತ ಒಂದು ಸಾಲು ಇರುತ್ತೆ. ಅದನ್ನ ಅಮ್ಮ ಆಗಲೇ ಕೊಟ್ಟುಬಿಟ್ಟಿದ್ದರೆ ಸ್ಪೇನ್‌ನವರ ಜೊತೆ ಮಾತಾಡಬೇಕಾದ್ದು ಬೇರೆಯವರು.

ಎರಡನೇದು ಅವಧಿ. ಸ್ಪೇನ್‌ನ ಕೃತಿಸ್ವಾಮ್ಯ ಕಾನೂನು 1996ರದ್ದು, ಲೇಖಕರ ಪರ ಇದೆ. ಇಡಿಗಂಟು ಕೊಟ್ಟು ಮುಗಿಸಿದ ಪ್ರಕಾಶನ ಕರಾರು 10 ವರ್ಷಕ್ಕೆ ಕೊನೆಯಾಗುತ್ತೆ. ರಾಯಲ್ಟಿ ಇದ್ದರೂ 15 ವರ್ಷ ದಾಟುವ ಹಾಗಿಲ್ಲ. ಮಾಮೂಲಿ ಕ್ರಮ ಅಂದ್ರೆ ಮಾರಾಟದ ಮೇಲೆ ಶೇಕಡಾವಾರು. ಇಡಿಗಂಟು ಅಪವಾದ. ಹಾಗಿದ್ದೂ 'ಕಾಪಿರೈಟ್ ಮುಗಿಯುವವರೆಗೆ' ಅಂತ ಬರೆದಿದ್ದಾರೆ ಅಂದ್ರೆ, ದೂರದ ಲೇಖಕಿಗೆ ನಮ್ಮ ಕಾನೂನು ಗೊತ್ತಿರಲ್ಲ ಅಂದ್ಕೊಂಡಿದ್ದಾರೆ. ಕೊನೇ ಪುಟದಲ್ಲಿ ಯಾವ ದೇಶದ ಕಾನೂನು ಅನ್ವಯ ಅಂತ ಬರೆದಿದೆ ನೋಡಿ. ಸ್ಪೇನ್ ಬಿಟ್ಟು ಬೇರೆ ದೇಶದ ಹೆಸರಿದ್ದರೆ ಈ ರಕ್ಷಣೆ ಸುಲಭಕ್ಕೆ ಕೈಗೆ ಸಿಗಲ್ಲ. ಅವಧಿ, ಪ್ರದೇಶ ಖಾಲಿ ಬಿಟ್ಟಿದ್ರೆ ವಾಸಿ ಇತ್ತು. ಆಗ ಸ್ಪೇನ್‌ನಲ್ಲಿ 5 ವರ್ಷ, ಕೊಟ್ಟ ದೇಶಕ್ಕೆ ಮಾತ್ರ. ನಮ್ಮ ಭಾರತದ ಕಾಯ್ದೆಯೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತೆ.

ಮೂರನೇದು 'ಇಡೀ ಜಗತ್ತು'. ಈ ಸಣ್ಣ ಪ್ರಕಾಶನಕ್ಕೆ ಮೆಕ್ಸಿಕೊದಲ್ಲಿ, ಬ್ಯೂನಸ್ ಐರಿಸ್‌ನಲ್ಲಿ ಪುಸ್ತಕ ಮಾರೋ ಶಕ್ತಿ ಇದೆಯಾ ಅಂತ ಕೇಳಿ. ಇಲ್ಲದಿದ್ದರೆ ಅವರಿಗೆ ಸ್ಪೇನ್ ಮಾತ್ರ ಕೊಡಿ. ಪ್ರತಿ ವರ್ಷ ನವೆಂಬರ್ ಕೊನೆಗೆ ಮೆಕ್ಸಿಕೊದ ಗ್ವಾದಲಹಾರಾದಲ್ಲಿ ದೊಡ್ಡ ಪುಸ್ತಕ ಮೇಳ ಆಗುತ್ತೆ. ಲ್ಯಾಟಿನ್ ಅಮೆರಿಕದ ಪ್ರಕಾಶಕರೆಲ್ಲ ಅಲ್ಲಿರ್ತಾರೆ. ಆ ಬಾಗಿಲನ್ನ 600 ಯೂರೋಗೆ ಮುಚ್ಚಬೇಡಿ.

ನಾಲ್ಕನೇದು ಧ್ವನಿ. ಆಡಿಯೋ ಹಕ್ಕನ್ನ ಪುಸ್ತಕದಿಂದ ಬೇರ್ಪಡಿಸಿ, ಅದಕ್ಕೆ ಬೇರೆ ಹಣ, ಎರಡು ವರ್ಷದಲ್ಲಿ ಆಡಿಯೋ ತರದಿದ್ದರೆ ಹಕ್ಕು ವಾಪಸ್ ಅಂತ ಬರೆಸಿ. ಸಂಶ್ಲೇಷಿತ ಧ್ವನಿ, ಅಂದ್ರೆ ಎಐ ದನಿ, ಅನ್ನೋದನ್ನ ಪೂರ್ತಿ ಹೊಡೆದುಹಾಕಿಸಿ. ಪಾಸಾವೆ ಅನ್ನೋ ಇಲ್ಲಿನ ಧ್ವನಿ ಕಲಾವಿದರ ಸಂಘಗಳ ಒಕ್ಕೂಟ 2023ರಿಂದ ಕರಾರುಗಳಲ್ಲಿ ಎಐ ವಿರುದ್ಧ ಷರತ್ತು ಸೇರಿಸಿ ಅಂತ ಹೋರಾಡ್ತಿದೆ. ಅಮ್ಮ ಬರೆದ ಅಜ್ಜಿಯ ಮಾತು, ಹೊಲದ ಮಾತು ಯಾವುದೂ ಆ ಯಂತ್ರಕ್ಕೆ ದಾಟಲ್ಲ. ಒಬ್ಬ ಮನುಷ್ಯ ಸ್ಟುಡಿಯೋದಲ್ಲಿ ಕೂತು ಆ ಹೆಸರುಗಳನ್ನ ಹೇಗೆ ಹೇಳೋದು ಅಂತ ನಿಮಗೆ ಫೋನ್ ಮಾಡಿ ಕೇಳಬೇಕು. ಒಳ್ಳೇ ಪ್ರಕಾಶಕರು ಹಾಗೆ ಮಾಡ್ತಾರೆ, ನಾನು ನೋಡಿದ್ದೀನಿ.

ಹೆಸರು, ಮೊತ್ತ ಮುಚ್ಚಿ ಕರಾರನ್ನ ನನಗೆ ಖಾಸಗಿಯಾಗಿ ಕಳಿಸಿ. ನಾನು ವಕೀಲೆ ಅಲ್ಲ, ಆದರೆ ಯಾವ ಸಾಲಿಗೆ ವಕೀಲರು ಬೇಕು ಅಂತ ಹೇಳಬಲ್ಲೆ.

ತುಮಕೂರಿನ ಸದಸ್ಯ: ಹೀಗೆ ಹೆದರಿಸಿದ್ರೆ ಕನ್ನಡದವರು ಯಾವಾಗ ಜಗತ್ತಿಗೆ ಹೋಗೋದು? ಸಿಕ್ಕಿದ್ದು ಸಹಿ ಮಾಡಿ, ಹೆಸರು ಬರುತ್ತೆ.

ಉತ್ತರ: ಹೆಸರು ಬರುತ್ತೆ, ಹಕ್ಕು ಹೋಗುತ್ತೆ. 74 ವರ್ಷದವರ ಜೀವಮಾನದ ಕೆಲಸ ಅದು. ನಿಮ್ಮ ಸಲಹೆ ನಿಮ್ಮ ಪುಸ್ತಕಕ್ಕೆ ಇಟ್ಕೊಳ್ಳಿ.

ಹುಬ್ಬಳ್ಳಿಯ ಪ್ರಕಾಶಕರು: ಕನ್ನಡ ಪುಸ್ತಕನ ಕಿಂಡಲ್‌ನಲ್ಲಿ ಹಾಕಿ ಮೆಕ್ಸಿಕೊದ ಕನ್ನಡಿಗರಿಗೆ...

ಉತ್ತರ: 2016ರ ಡಿಸೆಂಬರ್‌ನಲ್ಲಿ ಕಿಂಡಲ್ ಐದು ಭಾರತೀಯ ಭಾಷೆ ಸೇರಿಸಿಕೊಂಡಾಗ ಹಿಂದಿ, ತಮಿಳು, ಮಲಯಾಳಂ, ಮರಾಠಿ, ಗುಜರಾತಿ ಇದ್ದವು. ಕನ್ನಡ ಇರಲಿಲ್ಲ. ಒಬ್ಬರಿಗೆ ಒಂದೇ ಪ್ರಶ್ನೆ ಸರ್.

ರಾಯಚೂರಿನ ಸದಸ್ಯ: ಪೋರ್ಚುಗೀಸ್ ಮಾರುಕಟ್ಟೆ ಹೇಗಿದೆ?

ಮಂಗಳೂರಿನ ಸದಸ್ಯೆ: ಮೈಸೂರಿನವರು ಇನ್ನೂ ಉತ್ತರ ಕೊಟ್ಟಿಲ್ಲ.

ಮೈಸೂರಿನ ಸದಸ್ಯ: ಕೊಡೋದೂ ಇಲ್ಲ.

ಧಾರವಾಡದ ಸದಸ್ಯೆ: ಮೇಡಂ, ಕೊನೇ ಪುಟ ನೋಡಿದೆ. ಸ್ಪೇನ್ ಅಂತ ಇಲ್ಲ, ಬೇರೆ ದೇಶದ ಕಾನೂನು ಅಂತಿದೆ. ಅಮ್ಮನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರಿಗೆ ಬರಿ, ನಾ ಅವಸರದಾಗ ಇಲ್ಲ ಅಂತ" ಅಂದ್ರು.

ಉತ್ತರ: ಇವತ್ತು ರಾತ್ರಿಯೇ ಆ ಪುಟದ ಫೋಟೋ ಕಳಿಸಿ. ನಾನು ಎದ್ದಿರ್ತೀನಿ.