ಪರಂಬಿಕುಳಂ: ಬೆಳಿಗ್ಗೆ ಹೋಗಿ ಸಂಜೆ ಬಂದರೆ ಸಾಕೇ?

ಪ್ರಶ್ನೆ: ಅಪ್ಪ–ಅಮ್ಮ ಮತ್ತು ಆರು ವರ್ಷದ ಮಗಳ ಜೊತೆ ಬೆಂಗಳೂರಿನಿಂದ ಕಾರಿನಲ್ಲಿ ಪರಂಬಿಕುಳಂ ಹುಲಿ ಸಂರಕ್ಷಿತ ಅರಣ್ಯಕ್ಕೆ ಹೊರಟಿದ್ದೇವೆ. ಪೊಳ್ಳಾಚಿಯಲ್ಲಿ ಉಳಿದು ಒಂದೇ ದಿನದಲ್ಲಿ ನೋಡಿ ಬರಬಹುದೇ? ಹೋಗಿಬಂದವರು ಹೇಳಿ.

ಮೈಸೂರಿನಿಂದ: ಬರಬಹುದು, ಆದರೆ ರೂಮ್ ಸಿಕ್ಕರೆ ಒಳಗೇ ಒಂದು ರಾತ್ರಿ ಉಳಿಯಿರಿ. ಜಾಗ ಕೇರಳದ ಪಾಲಕ್ಕಾಡ್ ಜಿಲ್ಲೆಯದು. ವಾಹನದ ದಾರಿ ಮಾತ್ರ ತಮಿಳುನಾಡಿನ ಸೇತುಮಡೈ, ಟಾಪ್‌ಸ್ಲಿಪ್ ಮೇಲೆ. ಎರಡೂ ರಾಜ್ಯಗಳ ಚೆಕ್‌ಪೋಸ್ಟ್ ದಾಟಿ, ಆನಪ್ಪಾಡಿಯಲ್ಲಿ ಅರಣ್ಯ ಇಲಾಖೆಯ ಸಫಾರಿ ಬಸ್ಸು ಹತ್ತುವಷ್ಟರಲ್ಲಿ ಬಿಸಿಲೇರಿರುತ್ತದೆ. ಪ್ರಾಣಿಗಳು ನೀರಿಗೆ ಇಳಿಯುವ ಹೊತ್ತಿಗೆ ನೀವು ವಾಪಸ್ ಹೊರಟಿರುತ್ತೀರಿ. ನಾವು ತೂಣಕ್ಕಡವು ಜಲಾಶಯದ ಹತ್ತಿರ ಉಳಿದಿದ್ದೆವು. ಸಂಜೆ ಎದುರು ದಡಕ್ಕೆ ಕಾಟಿಗಳ (ಕಾಡುಕೋಣಗಳ) ಹಿಂಡು ಬಂತು. ಕರುವೊಂದು ಕೆಸರಲ್ಲಿ ಕಾಲು ಹೂತು ನಿಂತುಬಿಟ್ಟಿತು. ತಾಯಿ ಹಿಂದಿನಿಂದ ಮೂತಿಯಲ್ಲಿ ತಳ್ಳಿ ತಳ್ಳಿ ಮೇಲಕ್ಕೆ ಹತ್ತಿಸಿತು. ನಿಮ್ಮ ಮಗಳು ನೋಡಬೇಕಾದದ್ದು ಇದು. ಮಧ್ಯಾಹ್ನದ ಬಸ್ಸಿನ ಕಿಟಕಿಯಿಂದ ಇದು ಸಿಗುವುದು ಕಷ್ಟ.

ಕೊಯಮತ್ತೂರಿನಿಂದ: ಯಾವ ತಿಂಗಳು ಅಂತ ಬರೆದಿಲ್ಲ, ಅದೇ ಮುಖ್ಯ. ಪರಂಬಿಕುಳಂ, ತೂಣಕ್ಕಡವು, ಪೆರುವಾರಿಪಳ್ಳಂ ಮೂರೂ ಅಣೆಕಟ್ಟಿನ ಕೆರೆಗಳು. ನೀರು ಸುರಂಗದಲ್ಲಿ ಹರಿದು ನಮ್ಮ ಕಡೆಯ ಹೊಲಗಳಿಗೆ ಬರುತ್ತದೆ. ಬೇಸಿಗೆ ಹತ್ತಿರವಾದಂತೆ ನೀರು ಇಳಿದು ದಂಡೆಯಲ್ಲಿ ಎಳೆ ಹುಲ್ಲು ಚಿಗುರುತ್ತದೆ, ಜಿಂಕೆ, ಕಾಟಿ, ಆನೆ ಬಯಲಿಗೆ ಬರುತ್ತವೆ. ಭದ್ರಾ ಹಿನ್ನೀರು ನೋಡಿದ್ದರೆ ಗೊತ್ತಾಗುತ್ತದೆ. ಕೆರೆ ತುಂಬಿರುವಾಗ ಹಸಿರು ಚೆಂದ, ಪ್ರಾಣಿ ಕಾಣುವುದು ಕಮ್ಮಿ. ಕಾಡ್ಗಿಚ್ಚಿನ ಭಯವಿದ್ದಾಗ ಪ್ರವಾಸಿಗರನ್ನು ಬಿಡದೆ ಇರುವುದೂ ಉಂಟು, ವಿಚಾರಿಸಿಯೇ ಹೊರಡಿ. ಮಗುವನ್ನು ನೀರಿನ ಅಂಚಿಗೆ ಬಿಡಲೇಬೇಡಿ, ಮೊಸಳೆಗಳಿವೆ.

ಹಾಸನದಿಂದ: ಮೇಲಿನ ಇಬ್ಬರೂ ಕನ್ನಿಮಾರ ತೇಗದ ಮರ ಬಿಟ್ಟರಲ್ಲ! ಎತ್ತರ ಸುಮಾರು 40 ಮೀಟರ್, ಬುಡದ ಸುತ್ತಳತೆ 7 ಮೀಟರಿನ ಆಸುಪಾಸು. ಇಲ್ಲಿಂದ ತೇಗ ಸಾಗಿಸಲೆಂದೇ ಕೊಚ್ಚಿ ಸಂಸ್ಥಾನ ಚಾಲಕುಡಿವರೆಗೆ ಟ್ರಾಮ್ ಹಾಕಿತ್ತು, 1963ರಲ್ಲಿ ನಿಂತಿತು. ಅಷ್ಟು ಕಡಿದ ಮೇಲೂ ಈ ಮರ ಉಳಿದಿದೆ ಅನ್ನುವುದೇ ನನಗೆ ದೊಡ್ಡದು. ಗೈಡ್‌ಗಳಲ್ಲಿ ಕಾಡರ್, ಮಲಸರ್ ಆದಿವಾಸಿ ಸಮುದಾಯದವರಿದ್ದಾರೆ. ಬಸ್ಸಿನಲ್ಲಿ ಅವರ ಪಕ್ಕದ ಸೀಟು ಹಿಡಿಯಿರಿ, ನಮಗೆ ಬರೀ ಎಲೆ ಕಾಣುವ ಕಡೆ ಅವರಿಗೆ ಮುಸುವ ಕಾಣುತ್ತದೆ. ಹಿರಿಯರ ಮಾತ್ರೆ ಎರಡು ದಿನಕ್ಕೆ ಹೆಚ್ಚೇ ಇಟ್ಟುಕೊಳ್ಳಿ. ದೊಡ್ಡ ಆಸ್ಪತ್ರೆ ಬೇಕೆಂದರೆ ಪೊಳ್ಳಾಚಿಗೇ ಇಳಿಯಬೇಕು.